ಸೀಟು ಮುಂದಕ್ಕೆ, ಸೀಟು ಹಿಂದಕ್ಕೆ

ಟ್ಯಾಕ್ಸಿ ಸ್ಟ್ಯಾಂಡಿನವರು ಅವನನ್ನು ಉದ್ದಣ್ಣ ಅಂತಲೂ ಅವನ ಹೆಂಡತಿಯನ್ನು ಗಿಡ್ಡಕ್ಕ ಅಂತಲೂ ಕರೆಯುತ್ತಿದ್ದರು. ಆ ಹೆಸರಿಟ್ಟವರು ತಲೆ ಕೆರೆದುಕೊಂಡಿರಲಾರರು. ಗಂಡ ಕಾರಿನಿಂದ ಇಳಿದರೆ ಮಡಿಸಿಟ್ಟ ಏಣಿ ಬಿಚ್ಚಿಕೊಂಡ ಹಾಗಿರುತ್ತಿತ್ತು. ಹೆಂಡತಿ ಹತ್ತಿ ಹೊರಟರೆ ಹಿಂದಿನಿಂದ ನೋಡುವವರಿಗೆ ಕಾರು ಡ್ರೈವರಿಲ್ಲದೆ ಓಡುತ್ತಿದೆ ಅನ್ನಿಸುತ್ತಿತ್ತು. ಇದ್ದದ್ದು ಒಂದೇ ಟ್ಯಾಕ್ಸಿ, ಓಡಿಸುವವರು ಇಬ್ಬರು. ಬೆಳಗಿನಿಂದ ಮಧ್ಯಾಹ್ನದವರೆಗೆ ಅವನದು. ಅಲ್ಲಿಂದ ಅಂಗಡಿಗಳು ಬಾಗಿಲು ಎಳೆಯುವವರೆಗೆ ಅವಳದು.

ಇಬ್ಬರ ನಡುವೆ ಒಂದು ಪದ್ಧತಿಯಿತ್ತು. ಇಳಿಯುವವರು ಇಳಿಯುವ ಮುಂಚೆ ಸೀಟನ್ನು ಇನ್ನೊಬ್ಬರ ಕಾಲಿನ ಅಳತೆಗೆ ಸರಿಸಬೇಕು, ಕನ್ನಡಿಯನ್ನು ಇನ್ನೊಬ್ಬರ ಕಣ್ಣಿಗೆ ತಿರುಗಿಸಬೇಕು. ಮದುವೆಯಾದ ಹೊಸದರಲ್ಲಿ ಅವಳು ಅವಸರದಲ್ಲಿ ಹತ್ತಿ, ಬ್ರೇಕು ಕಾಲಿಗೆ ಸಿಗದೆ, ಕಾರಿನ ಮೂತಿಯನ್ನು ಗೋಡೆಗೆ ಮುಟ್ಟಿಸಿದ್ದಳು. ಗೋಡೆಗೆ ಏನೂ ಆಗಲಿಲ್ಲ. ಮಾರನೇ ದಿನದಿಂದ ಅವನೇ ಸೀಟು ಮುಂದಕ್ಕೆ ತಳ್ಳಿ ಇಳಿಯತೊಡಗಿದ. ಅವಳೂ ತಾನು ಇಳಿಯುವಾಗ ಹಿಂದಕ್ಕೆ ತಳ್ಳಿದಳು. ಅಷ್ಟೇ, ನಡೆದುಕೊಂಡು ಬಂತು. ಜಗಳವಾಡಿದ ದಿನವೂ ಸೀಟು ಸರಿದಿರುತ್ತಿತ್ತು. ಸರಿಯದೇ ಇದ್ದದ್ದು ಒಂದೇ ಒಂದು ದಿನ, ಆ ಜಗಳದ ಸುದ್ದಿಯನ್ನು ಇಂದಿಗೂ ಇಬ್ಬರೂ ಎತ್ತುವುದಿಲ್ಲ.

ಹಳೆಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಮೂರು ದುಂಡನೆಯ ತಿರುಪುಗಳಿದ್ದವು. ಫ್ಯಾನಿನ ತಿರುಪು ಮುರಿದುಹೋದಾಗ ಅವಳು ಅಡಿಗೆಮನೆಯ ಒಂದು ಹಳೇ ಮುಚ್ಚಳದಿಂದ ಕಪ್ಪು ಹಿಡಿಯನ್ನು ಬಿಚ್ಚಿ ತಂದು ಅಲ್ಲಿ ಕೂರಿಸಿದ್ದಳು. ಸ್ಟ್ಯಾಂಡಿನವರು ನಕ್ಕರು. "ಗಿಡ್ಡಕ್ಕ, ಸಾರು ಕುದಿಯಿತಾ ನೋಡಿ" ಅಂದರು. ಆದರೆ ಆ ಹಿಡಿ ಕೈಗೆ ಸಿಕ್ಕ ಹಾಗೆ ಬೇರೆ ಯಾವುದೂ ಸಿಗುತ್ತಿರಲಿಲ್ಲ. ಕಣ್ಣು ರಸ್ತೆಯ ಕೆಲಸ ನೋಡಿಕೊಂಡರೆ ಒಳಗಿನ ಕೆಲಸವನ್ನು ಕೈ ನೋಡಿಕೊಳ್ಳುತ್ತಿತ್ತು. ಎರಡೂ ಒಂದನ್ನೊಂದು ಕೇಳುತ್ತಿರಲಿಲ್ಲ, ಹಳೇ ಗಂಡಹೆಂಡಿರ ಹಾಗೆ.

ಆ ಕಾರಿಗೆ ವಯಸ್ಸಾಯಿತು, ಇನ್ನು ಟ್ಯಾಕ್ಸಿಯಾಗಿ ಓಡುವಂತಿಲ್ಲ ಅಂದರು. ಹೊಸದು ಬಂತು. ಹೊಸದರಲ್ಲಿ ಒಂದು ತಿರುಪೂ ಇರಲಿಲ್ಲ. ಮಧ್ಯದಲ್ಲಿ ತರಕಾರಿ ಹೆಚ್ಚುವ ಮಣೆಯಷ್ಟು ದೊಡ್ಡದಾದ ಗಾಜಿನ ಪರದೆ, ಅಷ್ಟೇ. ಶೋರೂಮಿನ ಹುಡುಗಿ ಅದರ ಮೇಲೆ ಬೆರಳಾಡಿಸುತ್ತಾ, ಇಲ್ಲಿ ಮುಟ್ಟಿದರೆ ಫ್ಯಾನು, ಇಲ್ಲಿ ಎಳೆದರೆ ಹಾಡು, ಇದರೊಳಗೆ ಹೋಗಿ ಅದರೊಳಗೆ ಹೋದರೆ ಸೀಟಿನ ಬಿಸಿ, ಅಂತ ಬಹಳ ಹೊತ್ತು ವಿವರಿಸಿದಳು. ಉದ್ದಣ್ಣ ಅರ್ಥವಾಗದ ಪ್ರವಚನಕ್ಕೆ ತಲೆಯಾಡಿಸುವವನ ಹಾಗೆ ಎಲ್ಲಕ್ಕೂ ತಲೆಯಾಡಿಸಿದ. ಹೆಂಡತಿ ಅದನ್ನೂ ಮಾಡಲಿಲ್ಲ.

"ಅದೆಲ್ಲ ಅವರಿಗೆ ಹೇಳಮ್ಮ. ನನಗೆ ಸ್ಟೀರಿಂಗು, ಬ್ರೇಕು, ಹಾರನ್ನು ಇದ್ದರೆ ಸಾಕು" ಅಂದವಳೇ ಹಿಂದೆ ಹೋಗಿ ಡಿಕ್ಕಿ ತೆಗೆದು, ಎಷ್ಟು ಸೂಟ್‌ಕೇಸು ಹಿಡಿಸುತ್ತೆ ಅಂತ ಕೈಯಲ್ಲಿ ಅಳೆದಳು.

ಒಣ ಹವೆಯಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಮಳೆ ಶುರುವಾದ ಮೇಲೆ ತೊಂದರೆ ಕಂಡಿತು. ಒದ್ದೆ ಬಟ್ಟೆಯ ಜನ ಹತ್ತಿದ ಕೂಡಲೇ ಮುಂದಿನ ಗಾಜು ಒಳಗಿನಿಂದ ಮಬ್ಬಾಗುತ್ತಿತ್ತು. ಮಬ್ಬು ತೆಗೆಯುವ ಬಿಸಿಗಾಳಿಯ ಚಿತ್ರ ಪರದೆಯಲ್ಲಿ ಎರಡು ಪುಟ ದಾಟಿ ಎಲ್ಲೋ ಒಳಗಿತ್ತು. ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ಒಮ್ಮೆ ಮುಂದೆ ಕೂತವಳು ಇವನ ಪರದಾಟ ನೋಡಿ, "ಅಂಕಲ್, ಕಾರು ನಿಲ್ಸಿ ತೋರಿಸ್ತೀನಿ" ಅಂತ ಒಂದು ಉಪಾಯ ಹೇಳಿಕೊಟ್ಟಳು. ಆ ಚಿತ್ರದ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಅದು ಚಳಿ ಹಿಡಿದವರ ಹಾಗೆ ನಡುಗುತ್ತದೆ. ನಡುಗುವಾಗ ಎಳೆದರೆ ಮೊದಲ ಪುಟದಲ್ಲಿ ಬೇಕಾದ ಕಡೆ ತಂದು ಕೂರಿಸಬಹುದು.

ಉದ್ದಣ್ಣನಿಗೆ ಮೊದಲು ನೆನಪಾದದ್ದು ಹೆಂಡತಿ. ಅವತ್ತು ಪಾಳಿ ಮುಗಿಯುವ ಮುಂಚೆ ಪೆಟ್ರೋಲ್ ಬಂಕಿನ ಪಕ್ಕದ ಗೋಡೆಗೆ ಕಾರು ನಿಲ್ಲಿಸಿದ. ಅದೇ ಅವರು ಕೈ ಬದಲಾಯಿಸುವ ಜಾಗ. ಸೀಟನ್ನು ಅವಳ ಅಳತೆಗೆ ಮುಂದಕ್ಕೆ ತಳ್ಳಿದ. ಆದರೆ ಇಳಿಯಲಿಲ್ಲ; ಮಂಡಿಯನ್ನು ಎದೆಗೆ ಮಡಚಿಕೊಂಡು ಮಿಡತೆಯ ಹಾಗೆ ಅಲ್ಲೇ ಕೂತ. ತಲೆಯನ್ನು ಅವಳ ಎತ್ತರಕ್ಕೆ ತಗ್ಗಿಸಿ ನೋಡಿದ. ಅಲ್ಲಿಂದ ಸ್ಟೀರಿಂಗ್ ಹತ್ತಿರದ ಮೇಲಿನ ಮೂಲೆ ಕಾಣುವುದೇ ಇಲ್ಲ, ಚಕ್ರ ಅಡ್ಡ ಬರುತ್ತದೆ. ಕೆಳಗಿನ ಅಂಚು ಒಳ್ಳೆಯದು, ಅಂಗೈಯನ್ನು ಕೆಳಗಿನ ಕಟ್ಟೆಗೆ ಊರಬಹುದು, ಕಾರು ಕುಲುಕಿದರೂ ಬೆರಳು ಜಾರುವುದಿಲ್ಲ. ಚಿತ್ರವನ್ನು ಎಳೆದು ಕೆಳಗಿನ ಅಂಚಿನಲ್ಲಿ ಕೂರಿಸಿದ. ಬಂಕಿನ ಹುಡುಗರು ನೋಡುತ್ತಿದ್ದರು. ನೋಡಲಿ ಬಿಡು ಅಂದುಕೊಂಡ.

ಹೆಂಡತಿಗೆ ಹೇಳಲಿಲ್ಲ. ಹೇಳಿದರೆ "ಯಾಕೆ, ನನಗೇನು ಕೈ ಬರಲ್ವಾ" ಅನ್ನುತ್ತಾಳೆ. ಮೇಲಾಗಿ ಸೀಟು ಸರಿಸಿದ್ದನ್ನು ಯಾರಾದರೂ ಹೇಳಿಕೊಳ್ಳುತ್ತಾರಾ?

ಮಾರನೇ ಬೆಳಿಗ್ಗೆ ಗಾಜು ಮಬ್ಬಾಯಿತು. ಅವನ ಬೆರಳು ತಾನೇ ಇಟ್ಟಿದ್ದ ಕೆಳಗಿನ ಅಂಚಿಗೆ ಹೋಯಿತು. ಹಾಡು ಶುರುವಾಯಿತು. ಚಿತ್ರ ಅಲ್ಲಿರಲಿಲ್ಲ, ಮೇಲೆ, ಸ್ಟೀರಿಂಗ್ ಪಕ್ಕದ ಮೂಲೆಯಲ್ಲಿ ಕೂತಿತ್ತು. ನಿನ್ನೆ ಸರಿಯಾಗಿ ಬಿಡಲಿಲ್ಲವೇನೋ ಅಂದುಕೊಂಡು, ಪಾಳಿಯ ಕೊನೆಗೆ ಮತ್ತೆ ಮಿಡತೆಯಾಗಿ ಕೂತು ಕೆಳಕ್ಕೆ ಎಳೆದ. ಮರುದಿನ ಮತ್ತೆ ಮೇಲೆ. ಅದರ ಮರುದಿನವೂ ಮೇಲೆ.

ಹೆಂಡತಿಯನ್ನು ಸುತ್ತಿ ಬಳಸಿ ಕೇಳಿದ. "ಆ ಪರದೆ ನಿನಗೇನಾದ್ರೂ ತೊಂದ್ರೆ ಕೊಡ್ತಿದ್ಯೇನೆ?"

"ಅದರ ತಂಟೆಗೆ ನಾನು ಹೋಗೋದೇ ಇಲ್ಲ" ಅಂದಳು ಅವಳು, ಒಣಗಿದ ಬಟ್ಟೆ ಮಡಚುತ್ತಾ, ತಲೆಯೆತ್ತದೆ.

ಶೋರೂಮಿಗೆ ಫೋನು ಮಾಡಿದ. ಆ ಹುಡುಗಿ ಬಹಳ ಮರ್ಯಾದೆಯಿಂದಲೇ ಹೇಳಿದಳು: "ಅದು ತಾನಾಗಿ ಜಾಗ ಬದಲಾಯಿಸೋದಿಲ್ಲ ಸರ್. ನೀವೇ ಬದಲಾಯಿಸಿರ್ತೀರಿ. ಮರೆತಿರ್ತೀರಿ."

ಮರೆತಿರ್ತೀರಿ. ಫೋನಿಟ್ಟ ಮೇಲೂ ಆ ಮಾತು ಮಾತ್ರ ಇಳಿದು ಹೋಗಲಿಲ್ಲ.

ಅವನ ಅಪ್ಪ ಬಸ್ ಡ್ರೈವರು. ಒಂದು ದಿನ ಬಸ್ಸಿನ ತುಂಬ ಜನ ಕೂತಿರುವಾಗ, ಎಂದೋ ನಿಂತುಹೋದ ಹಳೇ ದಾರಿಯಲ್ಲಿ ಬಸ್ಸು ತಿರುಗಿಸಿದ್ದರು. ಈಗ ಇಲ್ಲದ ಪ್ರತಿಯೊಂದು ಸ್ಟಾಪಿನಲ್ಲೂ ನಿಲ್ಲಿಸಿ, ಬಾಗಿಲು ತೆಗೆದು, ಯಾರೂ ಹತ್ತದಿದ್ದರೂ ಹತ್ತುವಷ್ಟು ಹೊತ್ತು ಕಾದು, ಬಾಗಿಲು ಹಾಕಿ ಮುಂದೆ ಹೋದರು. ಜನ ರಸ್ತೆ ರಿಪೇರಿ ಇರಬೇಕು ಅಂದುಕೊಂಡರು. ಕಂಡಕ್ಟರಿಗೆ ಮಾತ್ರ ಗೊತ್ತಾಯಿತು. ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈಯಿಟ್ಟು, "ಅಣ್ಣ, ಇವತ್ತಿಗೆ ಸಾಕು, ಡಿಪೋಗೆ ಹೋಗೋಣ" ಅಂದರಂತೆ. ಆಮೇಲೆ ಅಪ್ಪ ಬಸ್ಸು ಮುಟ್ಟಲಿಲ್ಲ. ಕೊನೆಕೊನೆಗೆ ಮಗನ ಗುರುತೂ ಹತ್ತುತ್ತಿರಲಿಲ್ಲ. ಹಾಸಿಗೆಯಲ್ಲಿ ಮಲಗಿದ್ದಾಗಲೂ ಬಲಗಾಲು ಮಾತ್ರ ಆಗಾಗ ಬ್ರೇಕು ಒತ್ತುತ್ತಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಉದ್ದಣ್ಣ ಈಗ ದಿನಕ್ಕೆ ಹತ್ತು ಸಲ ಹೆಗಲು ಮುಟ್ಟಿ ನೋಡಿಕೊಂಡ. ಕೊಡೆ ಎಲ್ಲಿಟ್ಟೆ? ಬೀದಿಗಳ ಹೆಸರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮನಸ್ಸಿನಲ್ಲೇ ಒಪ್ಪಿಸಿಕೊಂಡ, ತಪ್ಪಲಿಲ್ಲ. ತಪ್ಪದಿದ್ದರೂ ಸಮಾಧಾನವಾಗಲಿಲ್ಲ. ಅಪ್ಪನಿಗೂ ಹಳೇ ಬೀದಿಗಳೇ ಕೊನೆಯವರೆಗೆ ಉಳಿದಿದ್ದವು.

ಹೀಗಿರುವಾಗ ಒಂದು ಬೆಳಿಗ್ಗೆ ಜೋರು ಮಳೆ. ಹಿಂದಿನ ಸೀಟಿನಲ್ಲಿ ವಾರವಾರ ಮೊಣಕಾಲಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗುವ ಅಜ್ಜಿ. ಬಾಯಿ ಜೋರು, ಮನಸ್ಸು ಮೆತ್ತಗೆ. ಅಜ್ಜಿಯ ಒದ್ದೆ ಕೋಟಿನ ಹಬೆಗೆ ಗಾಜು ಹಾಲು ಬಳಿದ ಹಾಗಾಯಿತು. ಉದ್ದಣ್ಣ ಕೆಳಗಿನ ಅಂಚು ಮುಟ್ಟಿದ. ಸೀಟು ಬಿಸಿಯಾಗತೊಡಗಿತು. ಅಲ್ಲ, ಮೇಲಿರಬೇಕು. ಮೇಲೆ ಇಟ್ಟೆನಾ? ಇಲ್ಲ, ನಿನ್ನೆ ಕೆಳಗೇ ಇಟ್ಟಿದ್ದೆ, ಖಂಡಿತ ಇಟ್ಟಿದ್ದೆ. ಇಟ್ಟಿದ್ದೆನಾ? ಕಣ್ಣು ಪರದೆಯಲ್ಲಿ ಹುಡುಕುತ್ತಿತ್ತು. ತಲೆಯೆತ್ತಿದಾಗ ಮಬ್ಬು ಗಾಜಿನಾಚೆ ಏನೋ ಕಪ್ಪಗೆ ಅಡ್ಡ ಬಂತು.

ಬ್ರೇಕು ಹಾಕಿದ. ಕಾರು ಜಾರಿ ನಿಂತಿತು. ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮನುಷ್ಯ, ಬಾನೆಟ್ಟಿನಿಂದ ಒಂದು ಗೇಣು ದೂರದಲ್ಲಿ, ಸುಮ್ಮನೆ ಇವನನ್ನೇ ನೋಡಿದ. ಆಮೇಲೆ ಬಾನೆಟ್ಟಿಗೆ ಅಂಗೈಯಿಂದ ಒಂದು ಬಡಿದು, ಮಳೆಯಲ್ಲಿ ಸೈಕಲ್ ತಳ್ಳಿಕೊಂಡು ಹೊರಟುಹೋದ.

"ಸಾಯೋಕೆ ಅಂತಾನೇ ಆಸ್ಪತ್ರೆಗೆ ಹೋಗ್ತಿದ್ದೀನಲ್ಲಪ್ಪ. ದಾರೀಲೇ ಮುಗಿಸೋ ಆತುರ ಏನು ನಿನಗೆ?" ಅಂದರು ಅಜ್ಜಿ. ಅವನು ಗಾಜನ್ನು ಅಂಗೈಯಿಂದ ಒರೆಸಿ ಸೈಕಲ್ಲಿನವನು ಹೋದ ಕಡೆಯೇ ನೋಡಿದ. "ಆಯ್ತು, ಆಯ್ತು. ಯಾರಿಗೂ ಏನೂ ಆಗಿಲ್ಲ. ಬದಿಗೆ ನಿಲ್ಸು. ಗಾಜು ಒರೆಸಿಕೊಂಡೇ ಹೋಗೋಣ" ಅಂತ ತಮ್ಮ ಕರ್ಚೀಫು ಮುಂದಕ್ಕೆ ಚಾಚಿದರು.

ಅವರನ್ನು ಇಳಿಸಿದ ಮೇಲೆ ಅವನು ಬೇರೆ ಸವಾರಿ ಹಿಡಿಯಲಿಲ್ಲ. ಬಂಕಿನ ಗೋಡೆಯ ಪಕ್ಕ ಕಾರು ನಿಲ್ಲಿಸಿಕೊಂಡು ಕೂತುಬಿಟ್ಟ. ಅಪ್ಪನಿಗೆ ಕಂಡಕ್ಟರಿದ್ದರು. ಟ್ಯಾಕ್ಸಿಗೆ ಕಂಡಕ್ಟರಿಲ್ಲ; ಸಾಕು ಅಂತ ತಾನೇ ಹೇಳಿಕೊಳ್ಳಬೇಕು. ಇನ್ನೊಂದು ಗೇಣು ಮುಂದೆ ಹೋಗುವ ಮುಂಚೆ ಹೇಳಿಕೊಂಡರೆ ಒಳ್ಳೆಯದು. ಕಾರು ಬಿಟ್ಟರೆ ತಾನು ಏನು? ಉದ್ದನೆಯ ಒಬ್ಬ ಮನುಷ್ಯ, ಮನೆಯಲ್ಲಿ ಎಲ್ಲರ ಕಾಲಿಗೆ ಅಡ್ಡ.

ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಮಳೆ ಹನಿಯುತ್ತಿತ್ತು. ಇವನು ಇಳಿಯದೇ ಕೂತದ್ದು ನೋಡಿ ಪಕ್ಕದ ಸೀಟಿಗೆ ಹತ್ತಿ ಬಾಗಿಲು ಹಾಕಿಕೊಂಡಳು.

"ಏನ್ರೀ, ಮುಖ ಯಾಕೆ ಹಿಂಗಿದೆ?"

"ನಾಳೆಯಿಂದ ನಾನು ಗಾಡಿ ತೆಗೆಯಲ್ಲ ಕಣೇ."

ಅವಳು ಡಬ್ಬಿಯನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. ಬಯ್ಯುತ್ತಾಳೆ, ಕಾರಣ ಕೇಳುತ್ತಾಳೆ ಅಂತ ಅವನು ಕಾದ. ಅವಳು ಗಾಜಿನ ಕಡೆ ನೋಡುತ್ತಾ ಮೆಲ್ಲಗೆ ಹೇಳಿದಳು:

"ನಾನೂ ಅದನ್ನೇ ಹೇಳೋಣ ಅಂತ ಬಂದೆ."

"ನೀನು ಯಾಕೆ?"

"ಮೊದಲು ನೀವು ಹೇಳಿ."

"ಅಪ್ಪನಿಗೆ ಬಂದಿದ್ದು ನನಗೂ ಬಂದಿದೆ" ಅಂದ ಉದ್ದಣ್ಣ. ಸೈಕಲ್ಲಿನವನ ಕಥೆ ಹೇಳಿದ. ಹೇಳುವಾಗ ಗೇಣು ಎಷ್ಟು ಅಂತ ಕೈಯಲ್ಲಿ ತೋರಿಸಿದ. "ದಿನಾ ಒಂದು ಕಡೆ ಇಟ್ಟಿರ್ತೀನಿ, ಬೆಳಿಗ್ಗೆ ನೋಡಿದ್ರೆ ಇನ್ನೊಂದು ಕಡೆ ಇರುತ್ತೆ. ಇಟ್ಟಿದ್ದು ನನಗೆ ನೆನಪೇ ಇಲ್ಲ."

ಅವಳ ಕಣ್ಣು ತುಂಬಿತ್ತು. ಅವನ ಮಣಿಕಟ್ಟು ಹಿಡಿದುಕೊಂಡಳು. "ನಿಮಗೆ ಏನೂ ಆಗಿಲ್ಲ ರೀ. ಆಗಿರೋದು ನನಗೆ. ಮೊನ್ನೆ ಸೇತುವೆ ಮೇಲೆ ಗಾಜು ಮಬ್ಬಾಯ್ತು. ನಾನೇ ಮೇಲೆ ಇಟ್ಟಿದ್ದು, ನನ್ನ ಕೈಯಾರೆ. ಮೇಲೆ ಹುಡುಕ್ತೀನಿ, ಇಲ್ಲ. ಕೆಳಗೆ ಹೋಗಿ ಕೂತಿದೆ. ಹಿಂದಿನ ಲಾರಿಯವನು ಹಾರನ್ ಹೊಡೆದ ಹೊಡೆತಕ್ಕೆ ಜೀವ ಬಾಯಿಗೆ ಬಂತು. ದಿನಾ ಹೀಗೇ. ನನ್ನ ಜ್ಞಾನ ಎಲ್ಲೋ ಹೋಗ್ತಿದೆ ಅಂತ ನಿಮಗೆ ಹೇಳೋಕೆ ಹೆದರಿಕೆ ಆಯ್ತು. ನಿಮ್ಮಪ್ಪನ್ನ ನೋಡಿಕೊಂಡವಳಲ್ವಾ ನಾನು."

ಉದ್ದಣ್ಣ ಅವಳ ಮುಖ ನೋಡಿದ. ಆಮೇಲೆ ಪರದೆ ನೋಡಿದ.

"ಮೇಲೆ ಇಟ್ಟಿದ್ದು ನೀನಾ?"

"ಹೂಂ."

"ಮೇಲೆ ಯಾಕೆ ಇಟ್ಟೆ? ನೀನು ಕೂತರೆ ಅಲ್ಲಿ ಕಾಣೋದೇ ಇಲ್ಲವಲ್ಲ."

"ನನಗಲ್ಲ ರೀ. ನಿಮ್ಮ ಭುಜ ಹಿಡ್ಕೊಂಡಿದೆಯಲ್ಲ, ಅಷ್ಟು ದೂರ ಕೈ ಚಾಚಿದ್ರೆ ರಾತ್ರಿ ಎಲ್ಲಾ ನರಳ್ತೀರಿ. ಸ್ಟೀರಿಂಗ್ ಪಕ್ಕದಲ್ಲಿದ್ರೆ ಬೆರಳು ಚಾಚಿದ್ರೆ ಸಾಕು ಅಂತ..." ಅವಳು ಪರದೆಯ ಕಡೆ ತಿರುಗಿದಳು. "ಕೆಳಗೆ ಇಡ್ತಿದ್ದದ್ದು ನೀವಾ?"

"ನಿನಗೆ ಅಂಗೈ ಊರೋಕೆ ಆಗ್ಲಿ ಅಂತ."

"ಅದನ್ನ ಎಳೆಯೋದು ನಿಮಗೆ ಯಾರು ಹೇಳಿಕೊಟ್ರು? ಫೋನಲ್ಲಿ ಅಲಾರಂ ಇಡೋಕೆ ಬರಲ್ಲ ನಿಮಗೆ."

"ಅದರ ತಂಟೆಗೇ ಹೋಗಲ್ಲ ಅಂದವಳು ನೀನು. ನಿನಗೆ ಯಾರು ಹೇಳಿಕೊಟ್ರು?"

"ಒಬ್ಬಳು ಕಾಲೇಜು ಹುಡುಗಿ."

ಇಬ್ಬರಿಗೂ ಒಂದೇ ಹುಡುಗಿ ಹೇಳಿಕೊಟ್ಟಿದ್ದಳು. ಬೆಳಿಗ್ಗೆ ಇವನ ಕಾರಿನಲ್ಲಿ ಹೋಗಿ ಸಂಜೆ ಅವಳ ಕಾರಿನಲ್ಲಿ ಬರುವವಳು. ಒಂದೇ ಕಾರು ಅಂತ ಆ ಹುಡುಗಿಗೂ ಗೊತ್ತಾಗಿರಲಿಲ್ಲವೋ, ಗೊತ್ತಾಗಿಯೂ ಗಂಡಹೆಂಡಿರ ನಡುವೆ ನನಗ್ಯಾಕೆ ಅಂತ ಸುಮ್ಮನಿದ್ದಳೋ.

ಮೊದಲು ನಕ್ಕದ್ದು ಹೆಂಡತಿ. ನಗುತ್ತಲೇ ಅತ್ತಳು, ಅಳುತ್ತಲೇ ಅವನ ತೋಳಿಗೆ ಒಂದು ಬಾರಿಸಿದಳು, ಸರಿಯಾಗಿ ನೋವಿರುವ ಭುಜಕ್ಕೇ. ಅವನು ನೋವಿಗೆ ಹಾ ಅಂದು, ಆಮೇಲೆ ಅವನೂ ನಕ್ಕ. ಒಬ್ಬರಿಗಾಗಿ ಇನ್ನೊಬ್ಬರು ಇಟ್ಟಿದ್ದು ಸರಿಯಾದ ಜಾಗದಲ್ಲೇ ಕಾದು ಕೂತಿತ್ತು. ಇಬ್ಬರ ಕೈಯೂ ತಾವು ಇಟ್ಟ ಕಡೆ ಹುಡುಕಿತೇ ಹೊರತು ತಮಗಾಗಿ ಇಟ್ಟ ಕಡೆ ಹೋಗಲಿಲ್ಲ. ಕಾರಿನ ಗಾಜು ಇಬ್ಬರ ಉಸಿರಿಗೆ ಪೂರ್ತಿ ಮಬ್ಬಾಯಿತು, ಒಳಗೆ ಏನು ನಡೆಯುತ್ತಿದೆ ಅಂತ ಬಂಕಿನ ಹುಡುಗರಿಗೆ ತಿಳಿಯಲಿಲ್ಲ.

ನಗು ಇಳಿದ ಮೇಲೆ ಉದ್ದಣ್ಣ ಹೇಳಿದ: "ಆದ್ರೂ ಆ ಸೈಕಲ್ಲಿನವನು ಸುಳ್ಳಲ್ಲ ಕಣೇ. ಮರೆವಿಲ್ಲದೇ ಇರಬಹುದು. ನಾನು ಕೆಳಗೆ ನೋಡ್ತಿದ್ದದ್ದು ನಿಜ."

"ಲಾರಿಯೂ ಸುಳ್ಳಲ್ಲ" ಅಂದಳು ಅವಳು. ಕಣ್ಣೊರೆಸಿಕೊಂಡಳು. "ನಡೀರಿ, ತಮ್ಮನ ಹತ್ರ ಹೋಗೋಣ."

ಅವಳ ತಮ್ಮ ಗಾಡಿಗಳ ವೈರಿಂಗ್ ಕೆಲಸದವನು. ಎರಡು ಕಾರು ಹಿಡಿಸುವ ಅಂಗಡಿ, ಮೂರು ಕಾರಿನ ಸಾಮಾನು. ಅಕ್ಕ ಚೀಲದಿಂದ ಮುಚ್ಚಳದ ಹಳೇ ಕಪ್ಪು ಹಿಡಿ ತೆಗೆದು ಅವನ ಕೈಗಿಟ್ಟಳು. ಹಳೇ ಕಾರು ಗುಜರಿಗೆ ಹೋಗುವ ದಿನ ಅವಳು ಅದನ್ನು ಬಿಚ್ಚಿಟ್ಟುಕೊಂಡದ್ದು ಗಂಡನಿಗೂ ಗೊತ್ತಿರಲಿಲ್ಲ.

"ಇದನ್ನ ಕೂರಿಸಿಕೊಡು."

"ಎಲ್ಲಿಗೆ ಕೂರಿಸಲಿ ಅಕ್ಕ? ಗಾಜಿಗೆ ತೂತು ಹೊಡೆಯಲಾ?"

"ಸ್ಟೀರಿಂಗಿಗೆ ಅಂಟಿಸು."

"ಅದರೊಳಗೆ ಗಾಳಿಚೀಲ ಇದೆ. ಏನಾದ್ರೂ ಗುದ್ದಿದಾಗ ಚೀಲ ಬಿಚ್ಚಿಕೊಂಡ್ರೆ, ಈ ಹಿಡಿ ಹಾರಿ ನಿನ್ನ ಹಲ್ಲು ಉದುರಿಸುತ್ತೆ. ಗಟ್ಟಿ ವಸ್ತು ಯಾವುದನ್ನೂ ಅಲ್ಲಿ ಅಂಟಿಸಬಾರದು." ಅವನು ಒಳಗೆ ಬಗ್ಗಿ ನೋಡಿದ. "ಭಾವ, ಸ್ಟೀರಿಂಗ್ ಮೇಲೆ ನಕ್ಷತ್ರದ ಗುರುತಿನ ಬಟನ್ ಇದೆಯಲ್ಲ, ಇದನ್ನ ಯಾವುದಕ್ಕೆ ಬಳಸ್ತೀರಿ?"

"ಅದು ಅಂದಕ್ಕೆ ಇರೋದಲ್ವಾ?"

ಬಾಮೈದ ದೊಡ್ಡ ಉಸಿರು ಬಿಟ್ಟ. "ಯಾವ ಕೆಲಸ ಹೇಳಿದ್ರೆ ಆ ಕೆಲಸ ಮಾಡೋ ಬಟನ್ ಭಾವ ಇದು. ಇಷ್ಟು ದಿನ ಕೆಲಸ ಇಲ್ಲದೆ ಕೂತಿದೆ." ಪರದೆಯೊಳಗೆ ಹೋಗಿ ಏನೋ ಒತ್ತಿದ. "ತಗೊಳ್ಳಿ. ಈಗ ಒತ್ತಿ."

ಉದ್ದಣ್ಣ ಹೆಬ್ಬೆರಳಿನಿಂದ ಒತ್ತಿದ. ಗಾಜಿನ ಬುಡದಿಂದ ಬಿಸಿಗಾಳಿ ಎದ್ದಿತು. ಭುಜ ಚಾಚಬೇಕಾಗಲಿಲ್ಲ. ಹೆಂಡತಿ ಸೀಟು ಮುಂದೆಳೆದು ಕೂತು ಒತ್ತಿದಳು. ಅವಳಿಗೂ ಹೆಬ್ಬೆರಳಿನ ಅಡಿಯಲ್ಲೇ ಇತ್ತು. ಸ್ಟೀರಿಂಗ್ ಹಿಡಿದ ಕೈ ಉದ್ದನೆಯವರಿಗೂ ಗಿಡ್ಡನೆಯವರಿಗೂ ಒಂದೇ ಜಾಗದಲ್ಲಿರುತ್ತದಲ್ಲ.

"ಪಕ್ಕದ ಬಟನ್ ಯಾವುದು, ಇದು ಯಾವುದು ಅಂತ ನೋಡದೆ ತಿಳಿಯೋದು ಹೆಂಗೆ?" ಅಂದಳು. ಚೀಲ ತಡಕಿ ಉಗುರು ಬಣ್ಣದ ಶೀಶೆ ತೆಗೆದು, ನಕ್ಷತ್ರದ ಮೇಲೆ ಒಂದು ತೊಟ್ಟು ಇಟ್ಟಳು. ಅದು ಒಣಗಿ ಸಾಸಿವೆ ಕಾಳಿನಷ್ಟು ಉಬ್ಬಿ ನಿಂತಿತು. ತಮ್ಮ ಅದನ್ನು ಮುಟ್ಟಿ ನೋಡಿ, ಇದಕ್ಕೆ ಅಡ್ಡಿಯಿಲ್ಲ ಅಂದ.

ಮನೆಗೆ ಹೋಗುವ ಮುಂಚೆ ಗಂಡಹೆಂಡಿರು ಒಂದು ಒಪ್ಪಂದಕ್ಕೆ ಬಂದರು. ಪರದೆಯಲ್ಲಿ ಏನನ್ನಾದರೂ ಸರಿಸುವುದಿದ್ದರೆ ಕಾರು ನಿಂತಿರಬೇಕು, ಇಬ್ಬರೂ ಒಳಗಿರಬೇಕು. ಸೀಟಿಗೆ ಮಾತ್ರ ಈ ಒಪ್ಪಂದವಿಲ್ಲ. ಕಪ್ಪು ಹಿಡಿಯನ್ನು ಅವಳು ಮನೆಯ ಬೀಗದ ಕೈಗೊಂಚಲಿಗೆ ಕಟ್ಟಿದಳು. ಅದು ಅವನ ಜೇಬಿನಲ್ಲಿ ಗಡ್ಡೆಯ ಹಾಗೆ ಉಬ್ಬಿಕೊಂಡಿರುತ್ತದೆ. ಅವನು ಗೊಣಗುತ್ತಾನೆ, ಆದರೆ ಬಿಚ್ಚುವುದಿಲ್ಲ.

ಮುಂದಿನ ವಾರ ಮತ್ತೆ ಮಳೆ, ಮತ್ತೆ ಅದೇ ಅಜ್ಜಿ, ಅದೇ ಒದ್ದೆ ಕೋಟು. ಗಾಜು ಮಬ್ಬಾಗತೊಡಗಿದಾಗ ಉದ್ದಣ್ಣನ ಹೆಬ್ಬೆರಳು ಸಾಸಿವೆ ಕಾಳನ್ನು ಹುಡುಕಿ ಒತ್ತಿತು. ಕಣ್ಣು ರಸ್ತೆಯಲ್ಲೇ ಇತ್ತು. ಮಬ್ಬು ಕೆಳಗಿನಿಂದ ಮೇಲಕ್ಕೆ ಕರಗುತ್ತಾ ಹೋಯಿತು, ಅದರಾಚೆ ಒಬ್ಬ ಹೆಂಗಸು ಮಗುವಿನ ಕೈ ಹಿಡಿದು ರಸ್ತೆ ದಾಟಲು ನಿಂತಿದ್ದಳು. ಇವನು ಕಾರು ನಿಲ್ಲಿಸಿದ. ಅವರು ದಾಟಿದರು.

"ಇವತ್ತು ಕರ್ಚೀಫು ಬೇಡವಾ?" ಅಂದರು ಅಜ್ಜಿ.

"ಬೇಡ ಅಜ್ಜಿ. ಮನೆಯವಳು ವ್ಯವಸ್ಥೆ ಮಾಡಿದ್ದಾಳೆ."

"ಹಾಗನ್ನು. ನೀನೇ ಮಾಡಿದೆ ಅಂದಿದ್ರೆ ನಾನು ಇಲ್ಲೇ ಇಳಿದುಬಿಡ್ತಿದ್ದೆ."

ಮಧ್ಯಾಹ್ನ ಬಂಕಿನ ಗೋಡೆಯ ಪಕ್ಕ ನಿಲ್ಲಿಸಿದ. ದೂರದಲ್ಲಿ ಹೆಂಡತಿ ಕೊಡೆಯ ಕೆಳಗೆ ಬರುತ್ತಿದ್ದಳು, ಕೊಡೆಗೇ ಕಾಲು ಬಂದ ಹಾಗೆ. ಅವನು ಸೀಟಿನಡಿಯ ಸರಳು ಎತ್ತಿ ಮುಂದಕ್ಕೆ ತಳ್ಳಿದ. ಕನ್ನಡಿಯನ್ನು ಅವಳ ಕಣ್ಣಿಗೆ ತಗ್ಗಿಸಿದ. ಪರದೆಯಲ್ಲಿ ಹಾಡಿನ ಚಿತ್ರ ಅವಳಿಗೆ ಸ್ವಲ್ಪ ದೂರವಾಯಿತೇನೋ ಅನ್ನಿಸಿತು, ಬೆರಳು ಅತ್ತ ಹೊರಟಿತು. ಒಪ್ಪಂದ ನೆನಪಾಗಿ ಕೈಯನ್ನು ಜೇಬಿಗೆ ಹಾಕಿಕೊಂಡ. ಅಲ್ಲಿ ಮುಚ್ಚಳದ ಹಿಡಿ ಸಿಕ್ಕಿತು. ಅದನ್ನು ಹಿಡಿದುಕೊಂಡೇ, ಅವಳು ಬಂದು ಬಾಗಿಲು ತೆಗೆಯುವವರೆಗೆ, ಮಂಡಿ ಎದೆಗೆ ಮಡಚಿಕೊಂಡು ಕಾದು ಕೂತ.